ಜೊತೆ ಬೇಕಾಗಿದ್ದು ಯಾರಿಗೆ?

(ಗುರುತು ಸಿಗದಂತೆ ಹೆಸರು, ವಿವರಗಳನ್ನು ಬದಲಿಸಿದ್ದೇನೆ.)

ಸಲಹೆ ಕೇಳಲು ನನ್ನ ಬಳಿ ಬಂದ, ಮುಂಬಯಿ ಹತ್ತಿರದ ಡೊಂಬಿವಲಿಯ ವಿಮಲಾ ಅವರಿಗೆ 47 ವರ್ಷ. ಬಲಗೈ ಮಣಿಕಟ್ಟಿನ ಮೇಲೆ ಹಲ್ಲಿನ ಗುರುತು. ನಾನು ಕೇಳುವ ಮೊದಲೇ, “ಚಿನ್ನಿದು ತಪ್ಪಿಲ್ಲ ಮೇಡಂ, ನಾನೇ ಮಧ್ಯೆ ಕೈ ಹಾಕಿದ್ದು” ಎಂದರು.

ಚಿನ್ನಿಗೆ ನಾಲ್ಕು ವರ್ಷ. ಬೀದಿಯಿಂದ ಶೆಲ್ಟರ್ ಸೇರಿ, ಐದು ತಿಂಗಳ ಹಿಂದೆ ಇವರ ಮನೆಗೆ ಬಂದ ಹೆಣ್ಣುನಾಯಿ. ಮರಿಯಾಗದ ಆಪರೇಷನ್ ಆದ ಗುರುತಿಗೆ ಕಿವಿಯಂಚು ಕತ್ತರಿಸಿದೆ. ಮನೆಯಲ್ಲಿ ಬೇರೆ ಪ್ರಾಣಿ ಇರಕೂಡದೆಂದು ಶೆಲ್ಟರಿನವರು ಬರೆಸಿಕೊಂಡಿದ್ದರು. ಮನುಷ್ಯರ ಜೊತೆ ಬೆಣ್ಣೆಯಂಥ ಜೀವ. ಇನ್ನೊಂದು ನಾಯಿ ಊಟದ ಬಟ್ಟಲ ಹತ್ತಿರ ಸುಳಿದರೆ ಮಾತ್ರ ಮೈ ಸೆಟೆಯುತ್ತದೆ.

ಮುಲುಂಡಿನ ನಾದಿನಿ ಸಂಸಾರ ಸಮೇತ ಕುಂದಾಪುರಕ್ಕೆ ಹೊರಟರು. ಅಲ್ಲಿ ಅವರ ಅತ್ತೆಗೆ ಮಡಿ, ನಾಯಿ ಒಳಗೆ ಬರುವ ಹಾಗಿಲ್ಲ. “ಅತ್ತಿಗೆ, ನಿಮ್ಮ ಚಿನ್ನಿಗೂ ಒಂದು ಜೊತೆಯಾಗ್ತದೆ” ಎಂದು ತಮ್ಮ ಪಾಮೆರೇನಿಯನ್ ನಾಯಿಯನ್ನು ಇಲ್ಲಿ ಬಿಟ್ಟರು. ಎರಡನೇ ದಿನವೇ ಬಟ್ಟಲಿಗಾಗಿ ಕಾದಾಟ. ಕಚ್ಚಿದ್ದು ಯಾವುದೋ ಗೊತ್ತಾಗಲಿಲ್ಲ. ಹರಿಯುವ ನೀರಿನಲ್ಲಿ 15 ನಿಮಿಷ ಸೋಪು ಹಚ್ಚಿ ತೊಳೆದು, ಅಂದೇ ಚುಚ್ಚುಮದ್ದು ಶುರು ಮಾಡಿದ್ದು ಜಾಣತನ. ಒಂದು ಡೋಸೂ ತಪ್ಪಿಸಬೇಡಿ ಎಂದೆ.

ಚಿನ್ನಿಯನ್ನು ವಾಪಸ್ ಕೊಡಬೇಕೇ ಎಂಬುದು ಅವರ ಪ್ರಶ್ನೆ. ಆದರೆ ಮಾತಿನ ನಡುವೆ “ಪಾಪ, ಒಂಟಿ” ಎಂದು ನಾಲ್ಕು ಸಲ ಅಂದರು. ಆ ಮಾತು ಮೊದಲು ಎಲ್ಲಿ ಕೇಳಿದ್ರಿ ಎಂದೆ. ಬಹಳ ಹೊತ್ತು ಸುಮ್ಮನಿದ್ದರು. ಅವರಿಗೆ ಒಬ್ಬಳೇ ಮಗಳು. ಮಾಟುಂಗದ ಮದುವೆಯಿರಲಿ, ಊರಿನ ಗೃಹಪ್ರವೇಶವಿರಲಿ, “ಪಾಪ, ಒಂಟಿ. ಇನ್ನೊಂದು ಬೇಡವಾಗಿತ್ತಾ?” ಎಂದು ಯಾರಾದರೂ ಕೇಳುವವರೇ. ಇನ್ನೊಂದು ಆಗಲಿಲ್ಲ ಎಂದು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಜೂನ್‌ನಲ್ಲಿ ಮಗಳು ಕೆಲಸಕ್ಕೆಂದು ಪುಣೆಗೆ ಹೋದಳು. ಗಂಡ ಬೆಳಿಗ್ಗೆ ಏಳರ ಲೋಕಲ್ ಹಿಡಿದರೆ ಬರುವುದು ರಾತ್ರಿ.

ಇಲ್ಲಿ ನಾನು ಸ್ವಲ್ಪ ಕಟುವಾಗಿಯೇ ಮಾತಾಡಿದೆ. ಬೀದಿಯಲ್ಲಿ ತುತ್ತಿಗೂ ಕಾದಾಡಿ ಬದುಕಿರಬಹುದಾದ ನಾಯಿಗೆ, ಯಾರೂ ಕಸಿಯದ ಒಂದು ಬಟ್ಟಲು ಸಿಕ್ಕಿದೆ. ಅದನ್ನು ಒಂಟಿತನ ಅನ್ನುತ್ತಿರುವುದು ನೀವು, ಚಿನ್ನಿಯಲ್ಲ.

ಪಾಮೆರೇನಿಯನ್ ಈ ವಾರವೇ ಬೇರೆ ಮನೆ ಸೇರಲಿ, ಅಲ್ಲಿಯವರೆಗೆ ಎರಡನ್ನೂ ಬೇರೆ ಕೋಣೆಗಳಲ್ಲಿ ಬಾಗಿಲು ಹಾಕಿ ಇಡಿ ಎಂದೆ. ನಾದಿನಿಗೆ ಹೇಳುವಾಗ ಸಬೂಬು ಬೇಡ, ಸಹಿ ಹಾಕಿದ ಕಾಗದದ ಸಂಗತಿಯನ್ನೇ ಹೇಳಿ. ಮತ್ತೆ ನಾಯಿಗಳು ಜಗಳಕ್ಕೆ ಬಿದ್ದರೆ ಕೈ ಹಾಕಬಾರದು; ಮಣೆಯೋ ಕುರ್ಚಿಯೋ ನಡುವೆ ತೂರಿಸಬೇಕು. ಚಿನ್ನಿ ಗುರ್ ಅಂದರೆ ಗದರಬೇಡಿ ಎಂದು ಎರಡು ಸಲ ಹೇಳಿದೆ, ಏಕೆಂದರೆ ಬಹುತೇಕರು ಅದನ್ನೇ ಮಾಡುತ್ತಾರೆ. ಗುರುಗುಟ್ಟುವುದು ಎಚ್ಚರಿಕೆ. ಅದನ್ನು ಬಾಯಿ ಮುಚ್ಚಿಸಿದರೆ ಮುಂದಿನ ಸಲ ಸದ್ದಿಲ್ಲದೆ ಕಚ್ಚೀತು. ಹಲ್ಲು, ಕೀಲುಗಳಲ್ಲಿ ನೋವಿದೆಯೇ ಎಂದು ಪಶುವೈದ್ಯರಿಗೆ ತೋರಿಸಲೂ ಹೇಳಿದೆ. ನೋವಿರುವ ನಾಯಿಗೆ ತಾಳ್ಮೆ ಕಡಿಮೆ.

ಮೂರನೇ ಭೇಟಿಗೆ ಬರುವಷ್ಟರಲ್ಲಿ ಪಾಮೆರೇನಿಯನ್ ಠಾಣೆ ನಗರದ ಪರಿಚಯಸ್ಥರ ಮನೆ ಸೇರಿತ್ತು. ವಿಮಲಾ ಮಗಳ ಹತ್ತಿರ ಫೋನಿನಲ್ಲಿ ಅಳುತ್ತ ಎಲ್ಲ ಹೇಳಿಕೊಂಡರಂತೆ. “ನಾನು ಒಂಟಿ ಅಂತ ನಿನಗ್ಯಾರು ಹೇಳಿದ್ದು?” ಎಂದಳಂತೆ ಆಕೆ. ನಾದಿನಿಯದು ಮಾತ್ರ ಇನ್ನೂ ಮೌನ. ಚೌತಿಗೆ ಕರೆಯಲು ಗಂಡ ಫೋನ್ ಮಾಡಬೇಕೋ ತಾವೇ ಮಾಡಬೇಕೋ ಎಂಬ ಚರ್ಚೆಯಲ್ಲೇ ಅಂದಿನ ಸಮಯ ಮುಗಿಯಿತು.