ಚೂರು ಉಳಿಸುವ ಲೆಕ್ಕ ಮೊದಲು ಹಾಕಬೇಡಿ, ಮಡಿಕೆಯ ಲೆಕ್ಕ ಹಾಕಿ

ಅಕ್ಕನ ಮದುವೆಗೆ 300 ಪತ್ರಿಕೆ ಮನೆಯಲ್ಲೇ ಮಾಡ್ತಿದ್ದೀನಿ, ಒಂದು ಚೂರೂ ಉಳಿಯದ ಹಾಗೆ ಹಾಳೆ ಹೇಗೆ ಕತ್ತರಿಸಲಿ, ಉಳಿದರೆ ಕ್ವಿಲ್ಲಿಂಗ್ ಹೂ (ಕಾಗದದ ಪಟ್ಟಿ ಸುರುಳಿ ಸುತ್ತಿ ಮಾಡುವ ಹೂ) ಮಾಡಿ ಅಂಟಿಸಲಾ ಅಂತ ಕೇಳಿದ್ದೀರಿ. 2014ರಲ್ಲಿ ನನ್ನ ತಲೆಯಲ್ಲೂ ಇದೇ ಇತ್ತು.

ತಂಗಿಯ ಮದುವೆ. ನಾವು ಶಿವಮೊಗ್ಗದವರು. ಬೆಂಗಳೂರಿನ ಸುಲ್ತಾನ್‌ಪೇಟೆಗೆ ಹೋಗಿ ಹತ್ತಾರು ಅಂಗಡಿ ಸುತ್ತಿ, 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹ್ಯಾಂಡ್‌ಮೇಡ್ ಹಾಳೆ ತಂದೆ. 22 ಇಂಚು ಅಗಲ, 30 ಇಂಚು ಉದ್ದ. ಹಾಳೆಗೆ 40 ರೂಪಾಯಿ. ಬೇಕಾಗಿದ್ದದ್ದು 450 ಪತ್ರಿಕೆ. ಬಿಚ್ಚಿದಾಗ 10 ಇಂಚು, ಎತ್ತರ 7 ಇಂಚು, ನಡುವೆ ಒಂದು ಮಡಿಕೆ. ಹೊರಗಡೆ ಪೂರ್ತಿ ಕುಂಕುಮಗೆಂಪು ಬಣ್ಣ, ಸ್ಕ್ರೀನ್ ಪ್ರಿಂಟಿಂಗ್.

ರಾತ್ರಿ ಕೂತು ಲೆಕ್ಕ ಹಾಕಿದೆ. 10 ಇಂಚನ್ನು ಹಾಳೆಯ ಅಗಲಕ್ಕೆ ಹಾಕಿದರೆ ಒಂದು ಹಾಳೆಗೆ 8 ಪತ್ರಿಕೆ. ತಿರುಗಿಸಿ ಉದ್ದಕ್ಕೆ ಹಾಕಿದರೆ 9. ಉಳಿಯುವುದು ಒಂದೇ ಒಂದು ಇಂಚಿನ ಪಟ್ಟಿ. 57 ಹಾಳೆಯ ಬದಲು 50 ಸಾಕು. ಎಷ್ಟು ಖುಷಿಯಾಯಿತು ಅಂದರೆ, ಅಮ್ಮನನ್ನು ಎಬ್ಬಿಸಿ ತೋರಿಸಿದೆ. ಏಳು ಹಾಳೆ, 280 ರೂಪಾಯಿ ಉಳಿತಾಯ.

ತಪ್ಪಾಗಿದ್ದು ಇಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ಕಾಗದದಲ್ಲಿ ನಾರು ಇರುತ್ತದೆ. ಮಷೀನಿನಲ್ಲಿ ಬಂದ ಕಾಗದದಲ್ಲಿ ಹೆಚ್ಚಿನ ನಾರು ಒಂದೇ ದಿಕ್ಕಿಗೆ ಮಲಗಿರುತ್ತದೆ. ಪ್ರೆಸ್ಸಿನವರು ಇದಕ್ಕೆ ಗ್ರೇನ್ ಅನ್ನುತ್ತಾರೆ. ಮಡಿಕೆ ಗ್ರೇನ್ ಜೊತೆಗೇ ಹೋದರೆ ಕಾಗದ ಸಲೀಸಾಗಿ ಬಾಗುತ್ತದೆ. ಅಡ್ಡ ಹೋದರೆ ನಾರು ಮುರಿಯುತ್ತದೆ. ತೆಳು ಕಾಗದದಲ್ಲಿ ಗೊತ್ತಾಗುವುದಿಲ್ಲ. 300 ಜಿಎಸ್‌ಎಂನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಹ್ಯಾಂಡ್‌ಮೇಡ್ ಹಾಳೆಗೆ ಗ್ರೇನ್ ಇರುವುದಿಲ್ಲ ಅಂತ ಎಲ್ಲೋ ಓದಿ ನಂಬಿಕೊಂಡಿದ್ದೆ. ಒಂದೊಂದೇ ಹಾಳೆಯನ್ನು ಚೌಕಟ್ಟಿನಲ್ಲಿ ಕೈಯಿಂದ ಎತ್ತಿದ್ದರೆ ಅದು ಬಹುಮಟ್ಟಿಗೆ ನಿಜ. ಆದರೆ ಅಂಗಡಿಯಲ್ಲಿ ಹ್ಯಾಂಡ್‌ಮೇಡ್ ಅಂತ ಸಿಗುವ ಎಷ್ಟೋ ಹಾಳೆಗಳು ತಿರುಗುವ ಸಿಲಿಂಡರಿನ ಮೇಲೆ ಬಂದಿರುತ್ತವೆ. ಅವಕ್ಕೆ ಗ್ರೇನ್ ಇರುತ್ತದೆ. ನಾನು ತಂದದ್ದು ಅಂಥದ್ದು, ಗ್ರೇನ್ 30 ಇಂಚಿನ ಕಡೆಗೆ. ಒಂಬತ್ತು ಪತ್ರಿಕೆಯ ಆಸೆಗೆ ನಾನು ತಿರುಗಿಸಿ ಕತ್ತರಿಸಿದ್ದರಿಂದ 450 ಮಡಿಕೆಗಳೂ ಗ್ರೇನ್‌ಗೆ ಅಡ್ಡ ಬಿದ್ದವು.

ಪರೀಕ್ಷೆ ಮಾಡಲಿಲ್ಲ ಅಂತಲ್ಲ. ಅಂಗಡಿಯವರು ಕೊಟ್ಟ ಸ್ಯಾಂಪಲ್ ಚೂರನ್ನು ಮಡಿಸಿ ನೋಡಿದ್ದೆ. ಚೆನ್ನಾಗಿ ಬಾಗಿತು. ಆದರೆ ಆ ಚೂರನ್ನು ಹಾಳೆಯ ಯಾವ ದಿಕ್ಕಿನಿಂದ ಕತ್ತರಿಸಿದ್ದಾರೆ ಅಂತ ನಾನು ಕೇಳಲಿಲ್ಲ. ಅದರ ಮೇಲೆ ಬಣ್ಣವೂ ಇರಲಿಲ್ಲ.

ಮಡಿಸಿದ ದಿನ ಪತ್ರಿಕೆಗಳು ಚೆನ್ನಾಗೇ ಇದ್ದವು. ಮೊದಲನೆಯದನ್ನು ದೇವರ ಮುಂದೆ ಇಟ್ಟೆವು. ಅರುವತ್ತು ಮನೆಗೆ ಹಂಚಿಯೂ ಆಯಿತು. ಆಮೇಲೆ ಒಂದು ದಿನ ಸೋದರತ್ತೆ ತಮಗೆ ಕೊಟ್ಟ ಪತ್ರಿಕೆ ತಂದು ತೋರಿಸಿದರು. ನಾಲ್ಕೈದು ಸಲ ತೆಗೆದು ಮುಚ್ಚಿದ್ದಕ್ಕೆ ಮಡಿಕೆಯ ಉದ್ದಕ್ಕೂ ಬಣ್ಣ ಉದುರಿ ಬಿಳಿ ಗೆರೆ ಕಾಣುತ್ತಿತ್ತು. "ಒಡೆದ ಪತ್ರಿಕೆ ಕೊಟ್ಟು ಮದುವೆಗೆ ಕರೀತಾರೇನಮ್ಮಾ?" ಅಂದರು. ಅಮ್ಮನ ಮುಖ ಇನ್ನೂ ನೆನಪಿದೆ.

ಹಂಚುವುದು ನಿಂತಿತು. ಕೊನೆಗೆ, ಉಳಿದ ಪತ್ರಿಕೆಗಳನ್ನೆಲ್ಲ ಮಡಿಕೆಯಲ್ಲೇ ಕತ್ತರಿಸಿ ಎರಡು ಬಿಡಿ ಹಾಳೆ ಮಾಡಿ, ಒಡೆದ ಅಂಚು ತೆಗೆಸಿ, ಬದಿಗೆ ಎರಡು ತೂತು ಹಾಕಿ ಹಳದಿ ದಾರದಿಂದ ಕಟ್ಟಿದೆವು. ನೋಡಲು ಚಂದವೇ ಆಯಿತು. ಆದರೆ ಅದು ಮದುವೆ ಸೀಸನ್. ಪ್ರೆಸ್ಸಿನಲ್ಲಿ ಕಟಿಂಗ್‌ಗೆ ಹತ್ತು ದಿನ ಕಾಯಬೇಕಾಯಿತು. ಹಾವೇರಿಯ ದೊಡ್ಡಪ್ಪನನ್ನು ಅಪ್ಪ ಅಮ್ಮ ಇಬ್ಬರೂ ಒಟ್ಟಿಗೆ ಹೋಗಿ ಕರೆಯಬೇಕು ಅಂತಿದ್ದರು. ಅಲ್ಲಿಗೆ ಹೋಗಿದ್ದು ಮದುವೆಗೆ ನಾಲ್ಕು ದಿನ ಇರುವಾಗ. ದೊಡ್ಡಪ್ಪ ಬಂದರು, ಅಕ್ಷತೆ ಹಾಕಿದರು, ಊಟಕ್ಕೆ ಕೂರದೆ ಹೊರಟುಹೋದರು. ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. 280 ರೂಪಾಯಿಗೆ ಆದದ್ದು ಇಷ್ಟು.

ಅದಕ್ಕೇ ಹೇಳುತ್ತಿದ್ದೇನೆ, ಚೂರು ಉಳಿಯಬಾರದು ಅನ್ನುವ ಯೋಚನೆಯನ್ನೇ ಬಿಡಿ. ಹಾಳೆ ತಂದ ದಿನವೇ ಗ್ರೇನ್ ನೋಡಿ. ಹಾಳೆಯನ್ನು ಮಡಿಸದೆ ಸುಮ್ನೆ ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ ಬಾಗಿಸಿ. ಯಾವ ಕಡೆ ಕಡಿಮೆ ತಡೆಯುತ್ತದೋ ಆ ಬಾಗಿನ ಗೆರೆಯೇ ಗ್ರೇನ್. ಅನುಮಾನ ಇದ್ದರೆ ಹಾಳೆಯ ಉದ್ದ ಯಾವ ಕಡೆ ಅಂತ ಚಿಕ್ಕ ಚೂರಿನ ಮೇಲೆ ಪೆನ್ಸಿಲಿನಲ್ಲಿ ಬಾಣ ಹಾಕಿ, ಕತ್ತರಿಸಿ, ಒಂದೇ ಬದಿಗೆ ನೀರು ಸವರಿ. ಕೊಳವೆಯ ಹಾಗೆ ಸುರುಳಿಯಾಗುತ್ತದೆ. ಆ ಕೊಳವೆಯ ಉದ್ದವೇ ಗ್ರೇನ್. ಮಡಿಸುವ ಮುಂಚೆ ಪ್ರೆಸ್ಸಿನಲ್ಲಿ ಕ್ರೀಸಿಂಗ್ ಮಾಡಿಸಿ, ಅಂದರೆ ಮಡಿಕೆ ಬರುವ ಕಡೆ ಒತ್ತಿ ಗೀರು ಹಾಕಿಸಿ. ಮನೆಯಲ್ಲಾದರೆ ಸ್ಕೇಲ್ ಇಟ್ಟು, ಇಂಕು ಮುಗಿದ ಬಾಲ್‌ಪೆನ್ನಿನಿಂದ ಗೀರಿ. ಮಡಿಸಿದಾಗ ಗೀರಿನ ಉಬ್ಬು ಒಳಗಡೆ ಇರಬೇಕು. ಮತ್ತೆ ಮಡಿಕೆಯ ಮೇಲೆ ಗಾಢ ಬಣ್ಣ ಬೇಡವೇ ಬೇಡ.

ಈಗ ಚೂರಿನ ವಿಷಯ. 2019ರಲ್ಲಿ ತಮ್ಮನ ಮದುವೆಗೆ ಅದೇ ಅಳತೆಯ ಹಾಳೆ, ಅದೇ 450 ಪತ್ರಿಕೆ. ಈ ಸಲ ಹಾಳೆಗೆ 8ರಂತೆ ಕತ್ತರಿಸಿದೆ. ಪ್ರತಿ ಹಾಳೆಯಲ್ಲೂ 2 ಇಂಚು ಅಗಲದ ಎರಡು ಪಟ್ಟಿ ಉಳಿದವು, ಒಂದು 30 ಇಂಚು, ಇನ್ನೊಂದು 20 ಇಂಚು. ಐದೈದು ಇಂಚಿಗೆ ಕತ್ತರಿಸಿದರೆ ಹಾಳೆಗೆ 10 ಚೀಟಿ, 57 ಹಾಳೆಗೆ 570. ತಾಂಬೂಲದ ಚೀಲಗಳಿಗೆಲ್ಲ ಒಂದೊಂದು ಕಟ್ಟಿ, ಉಳಿದದ್ದನ್ನು ಛತ್ರದ ರೂಮಿನ ಕೀಲಿಗಳಿಗೆ, ನೆಂಟರ ಬ್ಯಾಗುಗಳಿಗೆ ಹೆಣ್ಣಿನ ಕಡೆ, ಗಂಡಿನ ಕಡೆ ಅಂತ ಬರೆದು ಕಟ್ಟಿದೆವು. ಕೀಲಿ ಯಾರ ಹತ್ತಿರ ಅಂತ ಆ ಮದುವೆಯಲ್ಲಿ ಯಾರೂ ಕೂಗಾಡಲಿಲ್ಲ. ಹೋದ ಸಲದ ಒಂದು ಇಂಚಿನ ಪಟ್ಟಿಗಳಿಂದ ಏನೂ ಮಾಡಲಾಗಿರಲಿಲ್ಲ. ಚೂರು ಜಾಸ್ತಿ ಉಳಿದ ಸಲವೇ ಅದು ಉಪಯೋಗಕ್ಕೆ ಬಂತು ನೋಡಿ.

ಕ್ವಿಲ್ಲಿಂಗ್ ಬೇಡ. 300 ಜಿಎಸ್‌ಎಂ ಸುತ್ತಿದರೆ ಸುರುಳಿ ನಿಲ್ಲುವುದಿಲ್ಲ, ಮುರಿಯುತ್ತದೆ. ಪತ್ರಿಕೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಹೂ ಚಪ್ಪಟೆ. ಮೇಜಿನ ಮೇಲೆ ಹೆಸರಿನ ಚೀಟಿ ಇಡುತ್ತೇನೆ ಅಂತಲೂ ಬರೆದಿದ್ದೀರಿ. ಪಂಕ್ತಿ ಊಟದಲ್ಲಿ ಹೆಸರು ಹುಡುಕಿಕೊಂಡು ಯಾರೂ ಕೂರುವುದಿಲ್ಲ, ಅಲ್ವಾ? ಆ ಶ್ರಮವನ್ನು ಅಕ್ಷತೆ ಪೊಟ್ಟಣಕ್ಕೆ ಹಾಕಿ. ಅದಕ್ಕೆ ಈ ದಪ್ಪ ಹಾಳೆ ಆಗುವುದಿಲ್ಲ, ಕವರಿಗೆ ತಂದ ತೆಳು ಕಾಗದದ ಚೂರು ಸರಿ. ಪತ್ರಿಕೆಯ ನಾಲ್ಕು ಮೂಲೆಯಲ್ಲಿ ಅರ್ಧ ಇಂಚು ಏನೂ ಅಚ್ಚು ಹಾಕಬೇಡಿ. ಅಮ್ಮ ಅರಿಶಿನ ಹಚ್ಚುವಾಗ ಇಂಥ ಕಾಗದ ಎಣ್ಣೆ, ನೀರು ಎಲ್ಲವನ್ನೂ ಎಳೆದುಕೊಳ್ಳುತ್ತದೆ, ಅಕ್ಷರದವರೆಗೂ ಹರಡುತ್ತದೆ.

ನಿಮ್ಮ ಹಾಳೆ, ಪತ್ರಿಕೆ ಎರಡೂ ನನ್ನ ಅಳತೆಯವೇ ಆಗಿ, ಗ್ರೇನೂ ಹಾಳೆಯ ಉದ್ದದ ಕಡೆಗೇ ಇದ್ದರೆ 300ಕ್ಕೆ 38 ಹಾಳೆ ಬೇಕು. 40 ತನ್ನಿ, ಎರಡು ಕೆಡುತ್ತವೆ. ಬೇರೆ ಅಳತೆಯಾದರೆ ಇಲ್ಲೇ ಬರೆಯಿರಿ, ಗ್ರೇನ್ ಯಾವ ಕಡೆ ಅಂತಲೂ ನೋಡಿ ಹೇಳಿ, ನಾನು ಲೆಕ್ಕ ಹಾಕಿ ಕೊಡುತ್ತೇನೆ.