ಗದ್ದೆಗೆ ಬಂದ ಹೆಬ್ಬಾತುಗಳು

ಪ್ರಶ್ನೆ: ಫೆಬ್ರುವರಿಯಲ್ಲಿ ನೀರು ನಿಲ್ಲಿಸಿದ ನಮ್ಮ ಭತ್ತದ ಗದ್ದೆಗೆ ಬೂದು ಬಣ್ಣದ ದೊಡ್ಡ ಬಾತುಗಳು ಇಳಿಯುತ್ತವೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಹತ್ತಿರದಿಂದ ನೋಡುವುದು ಹೇಗೆ?
– ಒಬ್ಬ ರೈತ, ಸುರಪುರ ತಾಲ್ಲೂಕು

ಉತ್ತರ: ಪಟ್ಟೆತಲೆ ಹೆಬ್ಬಾತುಗಳು ಅವು! ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. 7,000 ಮೀಟರ್ ಎತ್ತರದಲ್ಲಿ ಹಾರಿದ್ದೂ ದಾಖಲಾಗಿದೆ. ನಿಮ್ಮ ಬೋನಾಳ ಕೆರೆಗೂ ಬರುತ್ತವೆ ಅಲ್ವಾ, ಅವೇ. ಬೇಸಿಗೆ ಏರುತ್ತಿದ್ದಂತೆ ವಾಪಸ್ ಹೊರಡುತ್ತವೆ. ಈಗ ಮೈಗೆ ಸೇರುವ ಕೊಬ್ಬೇ ದಾರಿಯ ಬುತ್ತಿ. ಹಾಗಾಗಿ ಸುಮ್ನೆ ಎಬ್ಬಿಸಬೇಡಿ. ಬೆಳಿಗ್ಗೆ ಬೇಗ ಹೋಗಿ, ಬೈಕ್ ದೂರ ನಿಲ್ಲಿಸಿ, ಬದುವಿನ ಮರೆಯಲ್ಲಿ ಕೂತುಕೊಳ್ಳಿ. ಕತ್ತೆತ್ತಿ ನೋಡಿದರೆ ಮುಂದೆ ಹೋಗಬೇಡಿ. ನಾನಂತೂ ಮೊದಲು ಕೊರಳು ನೋಡುತ್ತೇನೆ. ಮಂಗೋಲಿಯಾದಲ್ಲಿ ಸಂಶೋಧಕರು ಕೆಲವಕ್ಕೆ ಅಕ್ಷರವಿರುವ ಕೊರಳಪಟ್ಟಿ ಹಾಕಿದ್ದಾರೆ. ಕಂಡರೆ ಫೋಟೊ ತೆಗೆದು ಅರಣ್ಯ ಇಲಾಖೆಗೆ ದಯವಿಟ್ಟು ತಿಳಿಸಿ.