ಮನೆಮಾತು ಬೆರೆತರೆ ಕನ್ನಡ ಕೆಡುತ್ತದೆಯೇ?

ಪ್ರಶ್ನೆ: ನಮ್ಮ ಮನೆಮಾತು ತುಳು. ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿ ಓದುತ್ತಿರುವ ಮಗಳ ಮಾತಿನಲ್ಲಿ ತುಳುವೂ ಮಲಯಾಳವೂ ಧಾರಾಳವಾಗಿ ಬೆರೆಯುತ್ತವೆ. ಪ್ರತಿ ಸಲವೂ ತಿದ್ದಬೇಕೇ? ಹೀಗೆಯೇ ಬಿಟ್ಟರೆ ಅವಳ ಕನ್ನಡ ಕೆಡುವುದಿಲ್ಲವೇ?
– ಓದುಗರೊಬ್ಬರು, ಕುಂಬಳೆ (ಕಾಸರಗೋಡು ಜಿಲ್ಲೆ)

ಉತ್ತರ: ಪ್ರತಿ ಸಲ ತಿದ್ದುವ ಅಗತ್ಯವಿಲ್ಲ. ಬೆರಕೆಯೆಂದು ನಮಗೆ ತೋರುವುದರಲ್ಲಿ ಹೆಚ್ಚಿನದು, ಮನಸ್ಸಿನಲ್ಲಿದ್ದುದನ್ನು ಸ್ಪಷ್ಟವಾಗಿ ಹೇಳಲು ಮಗು ಕಂಡುಕೊಂಡ ದಾರಿಯೇ ಆಗಿರುತ್ತದೆ. ತುಳುವಿನಲ್ಲಿ ಕೇಳುವವರನ್ನೂ ಸೇರಿಸಿಕೊಂಡು ಹೇಳುವಾಗ ‘ನಮ’ ಎಂದೂ, ಅವರನ್ನು ಬಿಟ್ಟು ಹೇಳುವಾಗ ‘ಎಂಕುಲು’ ಎಂದೂ ಅನ್ನುತ್ತಾರೆ. ಮಲಯಾಳದಲ್ಲಿಯೂ ಈ ಭೇದವಿದೆ. ಬರೆಹದ ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ. ‘ನಾಳೆ ನಾವು ಜಾತ್ರೆಗೆ ಹೋಗುತ್ತೇವೆ’ ಎಂದು ಮೊಮ್ಮಗಳು ಹೇಳಿದರೆ, ಆ ‘ನಾವು’ ಎಂಬುದರಲ್ಲಿ ತಾನೂ ಇದ್ದೇನೆಯೇ ಎಂಬುದು ಅಜ್ಜಿಗೆ ತಿಳಿಯದು. ಆಗ ಹುಡುಗಿ ‘ನಮ’ ಎಂದು ತುಳುವಿಗೆ ಹೊರಳುತ್ತಾಳೆ, ಇಲ್ಲವೇ ‘ನಾವೆಲ್ಲ ಒಟ್ಟಿಗೆ’ ಎಂದು ಕನ್ನಡವನ್ನೇ ಹಿಗ್ಗಿಸುತ್ತಾಳೆ. ಎರಡೂ ಜಾಣತನವೇ, ಎರಡನೆಯದನ್ನು ಗಮನಿಸಿ ಮೆಚ್ಚಿಕೊಂಡರೆ ಅದು ಬರೆಹಕ್ಕೂ ಒದಗುತ್ತದೆ.

ನಿಮ್ಮ ಅಂಜಿಕೆಗೆ ನಿಮ್ಮ ಸೀಮೆಯ ತಾಳಮದ್ದಳೆಯೇ, ಅಂದರೆ ಕುಳಿತು ಮಾತಿನಲ್ಲಿಯೇ ನಡೆಸುವ ಯಕ್ಷಗಾನವೇ, ಉತ್ತರ ಕೊಡುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡಿದ ಪದಕ್ಕೆ ಅರ್ಥಧಾರಿಯು ಆ ಕ್ಷಣದಲ್ಲಿ ತೋಚಿದ ಮಾತುಗಳಿಂದಲೇ ಅರ್ಥ ಹೇಳಬೇಕು, ಎದುರು ಕುಳಿತವರ ವಾದಕ್ಕೆ ಅಲ್ಲಿಯೇ ಮರುಮಾತು ಕೊಡಬೇಕು. ಅದುವರೆಗೆ ಚಹಾ ಕುಡಿಯುತ್ತ ತುಳುವಿನಲ್ಲಿಯೋ ಹವ್ಯಕ ಕನ್ನಡದಲ್ಲಿಯೋ ಹರಟುತ್ತಿದ್ದವರು, ಕೃಷ್ಣನೋ ಕೌರವನೋ ಆಗಿ ಕುಳಿತೊಡನೆ, ಇಂಗ್ಲಿಷ್ ಪದವೊಂದೂ ನುಸುಳದ ಕನ್ನಡದಲ್ಲಿ ಗಂಟೆಗಟ್ಟಲೆ ವಾದಿಸುತ್ತಾರೆ. (ಪೇಟೆಯ ಭಾಷಣಕಾರರಲ್ಲಿ ಎಷ್ಟು ಮಂದಿಗೆ ಇದು ಸಾಧ್ಯವೋ ಕಾಣೆ.) ಮನೆಮಾತು ಅವರಿಗೆ ಅಡ್ಡಿಯಾಗಿಲ್ಲ.

ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಸಾಲುಗಳ ಎರಡನೆಯ ಅಕ್ಷರ ಹೊಂದಿಕೊಳ್ಳಬೇಕೆಂಬ ಪ್ರಾಸದ ಕಟ್ಟನ್ನು 1911ರಲ್ಲಿ ಕೈಬಿಟ್ಟು ಕನ್ನಡ ಕವಿತೆಗೆ ಹೊಸ ದಾರಿ ತೆರೆದವರು ಅವರೇ. ಆದರೆ ಅವರು ಆ ನಿಯಮವನ್ನು ಬಲ್ಲವರಾಗಿದ್ದು ಬಿಟ್ಟರು ಎಂಬುದನ್ನು ಮರೆಯಬಾರದು. ಮಗಳಿಗೂ ಬರೆಹದ ರೂಢಿ ಗೊತ್ತಿರಲೇಬೇಕು.

ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದೀಚೆಗೆ ಇಲ್ಲಿ ಕನ್ನಡಕ್ಕೆ ತಟ್ಟಿದ ತೊಂದರೆ ಮಕ್ಕಳ ಬೆರಕೆ ಮಾತಿನದಲ್ಲ, ಕನ್ನಡದಲ್ಲಿ ಬರೆಯುವ ಸಂದರ್ಭಗಳೇ ಕಡಿಮೆಯಾದದ್ದರದು ಎಂದು ನನ್ನ ಭಾವನೆ. ಆದ್ದರಿಂದ ಊರಿನ ಭೂತಕೋಲದಲ್ಲಿ ತುಳುವಿನಲ್ಲಿ ಕೇಳಿದ ಪಾಡ್ದನದ (ದೈವಗಳ ಕಥೆ ಹೇಳುವ ಹಾಡಿನ) ಕಥೆಯನ್ನು ಅವಳು ಕನ್ನಡದಲ್ಲಿ ಬರೆದು ತೋರಿಸಲಿ. ತಿದ್ದುವುದಿದ್ದರೆ ಆ ಹಾಳೆಯಲ್ಲಿ ತಿದ್ದಿ, ಊಟಕ್ಕೆ ಕುಳಿತಾಗ ಬೇಡ.